ಬೂತಾಯಿ ಅನ್ನ ಬಿಟ್ಟದ್ದು

ನನ್ನ ಗಂಡ ಅಬ್ದುಲ್ ಶುಕೂರ್ ಮೂವತ್ತೊಂದು ವರ್ಷ ಮೀನು ಮಾರಿದರು. ಮೊದಲು ಸೈಕಲ್, ಆಮೇಲೆ ಸ್ಕೂಟರ್. ಮಂಗಳೂರಿನ ಬಂದರು ಧಕ್ಕೆಯಿಂದ ಮೀನು ಎತ್ತಿ, ಮಂಜುಗಡ್ಡೆ ಹಾಕಿದ ಪೆಟ್ಟಿಗೆಯನ್ನು ಹಿಂದೆ ಕಟ್ಟಿಕೊಂಡು ಫರಂಗಿಪೇಟೆ, ಮೆಲ್ಕಾರ್ ದಾಟಿ ನಮ್ಮ ನರಿಕೊಂಬಿನ ಒಳದಾರಿಗಳಿಗೆ ಬರುವಾಗ ಒಂಬತ್ತು ಗಂಟೆ ಆಗುತ್ತಿತ್ತು. ಹೆಂಗಸರು ಪಾತ್ರೆ ಹಿಡಿದುಕೊಂಡು ಗೇಟಿಗೆ ಬಂದು ನಿಲ್ಲುತ್ತಿದ್ದರು.

ಸುಳ್ಳು ಹೇಳಿ ಮಾರಿದವರಲ್ಲ. ಹಿಂದಿನ ದಿನದ ಮೀನಾದರೆ ಹಿಂದಿನ ದಿನದ್ದು ಎಂದೇ ಹೇಳುತ್ತಿದ್ದರು. ಹಾಗೆ ಹೇಳಿದರೆ ಯಾರು ತೆಗೆದುಕೊಳ್ಳುತ್ತಾರೆ? ಅದನ್ನು ನಾವು ತಿನ್ನುತ್ತಿದ್ದೆವು. ಮೂವತ್ತೊಂದು ವರ್ಷ ನಾನು ತಿಂದದ್ದು ಹೆಚ್ಚಾಗಿ ಹಿಂದಿನ ದಿನದ ಮೀನು.

ತೆಂಗಿನಕಾಯಿ ಕೀಳುವ ಶೇಷಪ್ಪ ನಮ್ಮ ಕೆಳಗಿನ ಮನೆಯವನು. ಅವನು ದಿನಾ ಇವರ ಪೆಟ್ಟಿಗೆ ಇಣುಕದೆ ಹೋಗುವವನಲ್ಲ.

“ಬ್ಯಾರಿಗಳೇ, ಈ ಬಂಗುಡೆಯ ಕಣ್ಣು ನನ್ನ ಅತ್ತೆಯ ಕಣ್ಣಿನ ಹಾಗೆ ಕೆಂಪು ಉಂಟಲ್ಲ ಮಾರಾಯ್ರೆ.”

“ಹಾಗಾದ್ರೆ ಮುಟ್ಬೇಡ ಶೇಷಪ್ಪ. ಎರಡೂ ನಿನಗೆ ದಕ್ಕುವುದಿಲ್ಲ.”

ಇಷ್ಟು ಹೇಳಿ ಇವರು ಅವನಿಗೆ ಒಳ್ಳೆಯದನ್ನು ಹುಡುಕಿ ಕೊಡುತ್ತಿದ್ದರು. ಇವರ ತಮಾಷೆ ಎಲ್ಲ ಹೊರಗಿನವರ ಹತ್ತಿರ. ಮನೆಯೊಳಗೆ ಮಾತು ಕಡಿಮೆ. ನನ್ನದೂ ಕಡಿಮೆ. ಹಾಗೆಯೇ ಮೂವತ್ತು ವರ್ಷ ಕಳೆಯಿತು. ತೊಂದರೆ ಆಗಿರಲಿಲ್ಲ.

ಕಳೆದ ರಂಜಾನಿನಲ್ಲಿ ನಾನು ಒಂದು ಮಾತು ಹೇಳಿದೆ. ನಮ್ಮ ಒಬ್ಬಳೇ ಮಗಳು ಫಾಹಿಮಾಳನ್ನು ಮೂಡಬಿದ್ರೆಗೆ ಕೊಟ್ಟದ್ದು. ಗಂಡನ ಮನೆಯವರು ಬಟ್ಟೆ ಅಂಗಡಿಯವರು, ಶುಚಿಯಾಗಿ ಇರುವವರು. ಅವರೆಲ್ಲ ಇಫ್ತಾರಿಗೆ ನಮ್ಮ ಮನೆಗೆ ಬಂದಿದ್ದರು. ಇವರು ಉಪವಾಸದಲ್ಲೇ ಇಡೀ ದಿನ ಸುತ್ತಿ, ಮಸೀದಿಯ ಬಾಂಗಿಗೆ ಹತ್ತು ನಿಮಿಷ ಇರುವಾಗ ಬಂದರು. ಅಂಗಿ ಮೀನಿನ ನೀರಿನಲ್ಲಿ ಒದ್ದೆ. ನೇರ ಚಾವಡಿಗೆ ಕಾಲಿಟ್ಟರು. ನಾನು ಅಡುಗೆಮನೆಯಿಂದಲೇ ಹೇಳಿದೆ.

“ಹಿಂದಿನಿಂದ ಹೋಗಿ. ಎರಡು ಸಲ ಸ್ನಾನ ಮಾಡಿ ಬನ್ನಿ. ಬೀಗರಿಗೆ ನಾತ ಬಡಿತದೆ.”

ಮೆಲ್ಲ ಹೇಳಬಹುದಿತ್ತು. ಹೇಳಲಿಲ್ಲ. ಬೀಗರು ಕೇಳಿಸಿಕೊಂಡರು. ಮಗಳು ತಲೆ ತಗ್ಗಿಸಿದಳು. ಇವರು ಹಿಂದೆ ಹೋಗಿ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿ ಬಂದು ಕೊನೆಯಲ್ಲಿ ಕುಳಿತರು. ಒಂದು ಖರ್ಜೂರ ಬಾಯಿಗೆ ಹಾಕಿ ನೀರು ಕುಡಿದರು. ಅಕ್ಕಿಯ ಪತ್ತಿರಿ ಮುಟ್ಟಲಿಲ್ಲ.

ಅಂದಿನಿಂದ ಇವರು ಊಟ ಬಿಡುತ್ತಾ ಬಂದರು. ಬಟ್ಟಲಿನ ಮುಂದೆ ಕುಳಿತುಕೊಳ್ಳುವರು. ಅನ್ನಕ್ಕೆ ಸಾರು ಕಲಸುವರು. ಒಂದು ತುತ್ತು ಬಾಯಿಯ ಹತ್ತಿರ ತಂದು ಮತ್ತೆ ಬಟ್ಟಲಿಗೆ ಹಾಕುವರು. “ಸಾಕು” ಎಂದು ಏಳುವರು. ನನ್ನ ಮೇಲಿನ ಸಿಟ್ಟು ಎಂದು ನಾನು ಲೆಕ್ಕ ಹಾಕಿದೆ. ಎಷ್ಟು ದಿನ ನಡೆಯುತ್ತದೆ ನೋಡುವ ಎಂದು ನಾನೂ ಬಾಯಿ ಮುಚ್ಚಿಕೊಂಡೆ. ಬಟ್ಟಲು ಎತ್ತಿಕೊಂಡು ಹೋಗುತ್ತಿದ್ದೆ. ಬೇಡದಿದ್ದರೆ ಬೇಡ.

ಬಕ್ರೀದ್ ಕಳೆದ ಮೇಲೆ ಇವರು ಒಂದು ನಾಯಿಮರಿ ತಂದರು. ಮೆಲ್ಕಾರಿನಲ್ಲಿ ಲಾರಿಯ ಅಡಿಯಲ್ಲಿ ಸಿಕ್ಕಿತಂತೆ. ಗೋಣಿಯಲ್ಲಿ ಸುತ್ತಿ ಕಾಲ ಹತ್ತಿರ ಇಟ್ಟುಕೊಂಡು ಬಂದಿದ್ದರು. ಬೆರಳಿನಷ್ಟು ಬಾಲ, ಹೊಳೆಯುವ ಬೆನ್ನು. ಬೂತಾಯಿ ಮೀನಿನ ಹಾಗೆ ಉಂಟು ಎಂದು ಬೂತಾಯಿ ಎಂದೇ ಕರೆದರು.

ಪಕ್ಕದ ಮನೆಯ ಸಬೀಹಾ ಇವರ ತಂಗಿ. ಅವಳು ಓಡಿ ಬಂದಳು.

“ಅಣ್ಣ, ನಾಯಿ ಇರುವ ಮನೆಗೆ ರಹ್ಮತ್ತಿನ ದೇವದೂತರು ಬರುವುದಿಲ್ಲ. ನಿಮಗೆ ಗೊತ್ತಿಲ್ವಾ?”

“ಮನೆಗೆ ಎಲ್ಲಿ ತಂದೆ? ಕಟ್ಟಿಗೆ ಕೊಟ್ಟಿಗೆಗೆ ತಂದದ್ದು.”

“ಜೊಲ್ಲು ತಾಗಿದ್ರೆ?”

“ಏಳು ಸಲ ತೊಳೆಯುವ. ಒಂದು ಸಲ ಮಣ್ಣು ಹಾಕಿ. ನೀರು ಹೊಳೆಯಲ್ಲಿ ಬೇಕಾದಷ್ಟು ಉಂಟು, ಮಣ್ಣು ಅಂಗಳದಲ್ಲಿ ಉಂಟು. ನಿನ್ನದು ಎಂತ ಹೋಗ್ತದೆ?”

ಸಬೀಹಾ ನನ್ನ ಮುಖ ನೋಡಿದಳು. ನಾನು ಒಳಗೆ ಹೋದೆ. ಆಗ ನಾನೂ ಇವರೂ ಮಾತು ಬಿಟ್ಟ ಹಾಗೆಯೇ ಇದ್ದೆವು.

ಇವರು ಬಟ್ಟಲು ಹಿಡಿದುಕೊಂಡು ಕೊಟ್ಟಿಗೆಗೆ ಹೋಗತೊಡಗಿದರು. ಅಡುಗೆಮನೆಯ ಕಿಟಕಿಯಿಂದ ನನಗೆ ಕಾಣುತ್ತಿತ್ತು. ಕುಕ್ಕರುಗಾಲಿನಲ್ಲಿ ಕುಳಿತು ತಮ್ಮ ಅನ್ನವನ್ನು ಅದರ ತೆಂಗಿನ ಚಿಪ್ಪಿಗೆ ಸುರಿಯುತ್ತಿದ್ದರು. ಅದು ಗಬಗಬ ತಿನ್ನುವುದನ್ನು ನೋಡುತ್ತಾ ಇರುತ್ತಿದ್ದರು. ನಾನು ಬೇಯಿಸಿದ್ದು ನಾಯಿಗೆ ಎಂದು ನನಗೆ ಮೈ ಉರಿಯಿತು. ಒಂದು ದಿನ ಬೇಕೆಂದೇ ಸಾರಿಗೆ ಖಾರ ಹೆಚ್ಚು ಹಾಕಿದೆ. ಅಂದು ನಾಯಿಯೂ ತಿನ್ನಲಿಲ್ಲ. ಇವರು ಅದಕ್ಕೆ ಬೇರೆ ಅನ್ನ ತೊಳೆದು ಹಾಕಿದರು.

ಆಗಸ್ಟಿನಲ್ಲಿ ನೀರೂ ಇಳಿಯದಾಯಿತು. ಆಗ ಆಸ್ಪತ್ರೆಗೆ ಹೋದೆವು. ಬಾಯಿಂದ ನಳಿಗೆ ಇಳಿಸಿ ನೋಡಿದರು. ಅನ್ನ ಇಳಿಯುವ ದಾರಿಯಲ್ಲಿ ಗಡ್ಡೆ ಬೆಳೆದು ಮುಚ್ಚಿಹೋಗಿತ್ತು. ಡಾಕ್ಟರು ನನ್ನ ಹತ್ತಿರ ಕೇಳಿದರು, “ಊಟ ಸೇರದ್ದು ಯಾವಾಗಿನಿಂದ?”

“ರಂಜಾನಿನಿಂದ,” ಎಂದೆ.

ಅವರು ಬೆರಳು ಮಡಚಿ ತಿಂಗಳು ನೋಡಿದರು. ಏನೋ ಬರೆದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸೆಪ್ಟೆಂಬರ್ ಕೊನೆಯ ಗುರುವಾರ ಇವರು ಹೋದರು. ಹೋಗುವಾಗ ಮೂವತ್ತೆಂಟು ಕಿಲೊ ಇದ್ದರು.

ನಾನು ಇದ್ದತ್ ಕುಳಿತೆ. ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೋಗುವ ಹಾಗಿಲ್ಲ, ಹೊರಗಿನ ಗಂಡಸರ ಎದುರು ಬರುವ ಹಾಗಿಲ್ಲ. ಸಬೀಹಾ ಬೆಳಿಗ್ಗೆ ಬಂದರೆ ಸಂಜೆ ಮಗ್ರಿಬಿಗೆ ಹೋಗುತ್ತಿದ್ದಳು. ನನ್ನನ್ನು ಕಾಯುವ ಕೆಲಸ ಅವಳು ತಾನೇ ವಹಿಸಿಕೊಂಡಿದ್ದಳು. ನಾಯಿಯ ಚಿಪ್ಪಿಗೆ ನಾನು ಹಿಂಬಾಗಿಲಿನಿಂದ ಉದ್ದ ಸೌಟಿನಲ್ಲಿ ಅನ್ನ ಸುರಿಯುತ್ತಿದ್ದೆ. ಮುಟ್ಟುತ್ತಿರಲಿಲ್ಲ.

ಏಳನೆಯ ದಿನದ ದುಆ ಪ್ರಾರ್ಥನೆಗೆ ಜನ ಬಂದರು. ತುಪ್ಪದನ್ನ, ಕುರಿ ಮಾಂಸ ಮಾಡಿದ್ದರು. ಅದರ ಮರುದಿನದಿಂದ ಬೂತಾಯಿ ಅನ್ನ ಬಿಟ್ಟಿತು. ಚಿಪ್ಪಿನ ಹತ್ತಿರ ಬಂದು ಮೂಸಿ ನೋಡಿ ಹಿಂದೆ ಹೋಗಿ ಮಲಗುವುದು. ಮೀನಿನ ತಲೆ ಹಾಕಿದರೂ ಹಾಗೆಯೇ.

ಮೊದಲು ಹೇಳಿದವಳು ಸಬೀಹಾ. ನಾಯಿ ಎಂದರೆ ಮುಖ ತಿರುಗಿಸುವವಳು ಅಂದು ಕಣ್ಣು ಒರೆಸಿಕೊಂಡಳು.

“ನೋಡಿ ಅತ್ತಿಗೆ. ಮೂಕ ಪ್ರಾಣಿಗೆ ಗೊತ್ತಾಗಿದೆ, ಅಣ್ಣ ಇಲ್ಲಾಂತ. ಅಣ್ಣನ ಬಟ್ಟಲಿನಿಂದ ತಿಂದದ್ದಲ್ವಾ?”

ಮಾತಾಡಿಸಲು ಬಂದ ಹೆಂಗಸರೆಲ್ಲ ಹಿಂಬಾಗಿಲಿಗೆ ಹೋಗಿ ಅದನ್ನು ನೋಡಿದರು. ಫಾಹಿಮಾ ಬಂದವಳು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್‌ಗೆ ಹಾಕಿದಳು. ದುಬೈ, ದಮ್ಮಾಮಿನಿಂದ ಫೋನು ಬಂತು. ಅಲ್ಲಿದ್ದವರೂ ಅತ್ತರಂತೆ. ಮನುಷ್ಯರಿಗಿಲ್ಲದ ನಿಯತ್ತು ಎಂದರು.

ನನಗೆ ಒಳಗೆ ಸಮಾಧಾನ ಆಯಿತು. ಇದನ್ನು ನಾನು ಒಪ್ಪಿಕೊಳ್ಳಬೇಕು. ಆ ಮನುಷ್ಯ ಇಲ್ಲ ಎಂದು ಅನ್ನ ಬಿಡುವಷ್ಟು ಪ್ರೀತಿ ಒಂದಾದರೂ ಜೀವಕ್ಕೆ ಇತ್ತಲ್ಲ ಎಂದುಕೊಂಡೆ. ನನಗಂತೂ ದಿನಾ ಹಸಿವಾಗುತ್ತಿತ್ತು. ಮೂರು ಹೊತ್ತು ಉಣ್ಣುತ್ತಿದ್ದೆ. ಅದು ಉಪವಾಸ ಮಲಗಿದ್ದನ್ನು ಕಿಟಕಿಯಿಂದ ನೋಡುತ್ತಾ ಉಣ್ಣುತ್ತಿದ್ದೆ. ಐದು ದಿನ ಹಾಗೆ ಕಳೆದೆ.

ಮಂಗಳವಾರ ಹನ್ನೊಂದು ಗಂಟೆಗೆ ಗಂಜಿಗೆ ಬಂಗುಡೆಯ ಸಾರು ಬೆರೆಸಿ ಸುರಿದೆ. ಅದಕ್ಕೆ ಎದ್ದು ನಿಲ್ಲಲು ಆಗಲಿಲ್ಲ. ಹೊಟ್ಟೆ ಎಳೆದುಕೊಂಡು ಚಿಪ್ಪಿನ ತನಕ ಬಂತು. ಬಾಯಿ ತೆರೆಯಿತು. ಗಂಜಿಗೆ ನಾಲಿಗೆ ತಾಗಿಸಿತು. ತಟಕ್ಕನೆ ತಲೆ ಹಿಂದಕ್ಕೆ ಎಳೆದುಕೊಂಡಿತು. ಬಾಯಿಂದ ಜೊಲ್ಲು ನೂಲಿನ ಹಾಗೆ ಇಳಿಯಿತು. ಮತ್ತೆ ಬಾಯಿ ತಂದಿತು. ಮತ್ತೆ ಎಳೆದುಕೊಂಡಿತು.

ನಾನು ಸೌಟು ಹಿಡಿದುಕೊಂಡು ನಿಂತೆ. ಇದನ್ನು ನಾನು ನೋಡಿದ್ದೇನೆ. ತುತ್ತು ಬಾಯಿಯ ತನಕ ಬಂದು ಹಿಂದೆ ಹೋಗುವುದನ್ನು ಐದು ತಿಂಗಳು ನೋಡಿದ್ದೇನೆ. ಬೇಡದವರು ಬಟ್ಟಲಿನ ಹತ್ತಿರ ಬರುವುದೇ ಇಲ್ಲ.

ಆಮೇಲೆ ದಿನ ಲೆಕ್ಕ ಹಾಕಿದೆ. ಇವರು ಹೋದದ್ದು ಗುರುವಾರ. ಶುಕ್ರವಾರ ನಾಯಿ ತಿಂದಿತ್ತು. ಶನಿವಾರ, ಆದಿತ್ಯವಾರ ತಿಂದಿತ್ತು. ಬುಧವಾರದ ದುಆದ ತನಕ ಚಿಪ್ಪು ನೆಕ್ಕಿ ಇಟ್ಟಿತ್ತು. ದುಃಖಕ್ಕೆ ಅಷ್ಟು ದಿನ ತಡವಾಗಿ ಹಸಿವು ಹೋಗುತ್ತದೆಯೇ?

“ಸಬೀಹಾ, ಶೇಷಪ್ಪ ಕೆಳಗೆ ಇದ್ದಾನಾ ನೋಡು. ಬರ್ಲಿಕ್ಕೆ ಹೇಳು.”

“ಎಂತಕ್ಕೆ?”

“ನಾಯಿಯ ಬಾಯಿ ನೋಡ್ಲಿಕ್ಕೆ.”

ಶೇಷಪ್ಪ ಅಂಗಳದಲ್ಲಿ ಬಂದು ನಿಂತ. ನಾನು ಬಾಗಿಲಿನ ಹಿಂದಿನಿಂದ ಮಾತಾಡಿದೆ.

“ಶೇಷಪ್ಪಣ್ಣ, ಅದರ ಬಾಯಿಯೊಳಗೆ ಎಂತದೋ ಉಂಟು.”

“ಸೈನಬಕ್ಕ, ಅದು ಬ್ಯಾರಿಗಳನ್ನು ನೆನೆಸಿ ಕೊರಗುವುದು. ನನ್ನ ಹೆಂಡತಿ ಮೊಬೈಲಿನಲ್ಲಿ ನೋಡಿ ಅತ್ತಿದ್ದಾಳೆ. ನಾನು ಸತ್ತರೆ ಅವಳು ಅಷ್ಟು ಅಳುವುದಿಲ್ಲ.”

“ತಮಾಷೆ ಬೇಡ. ಬಾಯಿ ತೆರೆದು ನೋಡಿ.”

ಅವನು ಗೋಣಿ ಹಾಕಿ ಅದನ್ನು ಹಿಡಿದ. ಅಷ್ಟು ಸೋತ ನಾಯಿ ಎಲ್ಲಿಂದ ಬಲ ತಂದಿತೋ, ಅವನ ಹೆಬ್ಬೆರಳು ಕಚ್ಚಿತು. ಅವನು ಕೈ ಕೊಡವಿದ.

“ಒಬ್ಬನಿಂದ ಆಗುವುದಿಲ್ಲ. ದವಡೆ ಅಗಲಿಸಿ ಹಿಡಿಲಿಕ್ಕೆ ಒಬ್ಬರು ಬೇಕು. ಸಬೀಹಕ್ಕ, ಬರ್ತೀರಾ?”

“ನಾನಾ? ಅಲ್ಲಾಹ್!” ಸಬೀಹಾ ಎರಡು ಹೆಜ್ಜೆ ಹಿಂದೆ ಹೋದಳು.

ನಾನು ಶಾಲನ್ನು ಮುಖಕ್ಕೆ ಎಳೆದು ಕಟ್ಟಿಕೊಂಡು ಹೊಸ್ತಿಲು ದಾಟಿದೆ.

“ಅತ್ತಿಗೆ! ಇದ್ದತಿನಲ್ಲಿ! ಗಂಡಸಿನ ಎದುರು!”

“ಬಾಯಿ ಮುಚ್ಚು.”

ಅಂಗಳದ ಬಿಸಿಲು ಕಣ್ಣಿಗೆ ಹೊಡೆಯಿತು. ಕೊಟ್ಟಿಗೆಯಲ್ಲಿ ಮಂಡಿಯೂರಿ ಕುಳಿತು ಅದರ ದವಡೆಗೆ ಎರಡೂ ಕೈ ಹಾಕಿದೆ. ಬಾಯಿ ತೆರೆದಾಗ ಬಂದ ನಾತಕ್ಕೆ ಶೇಷಪ್ಪ ಮುಖ ತಿರುಗಿಸಿದ. ನಾನು ತಿರುಗಿಸಲಿಲ್ಲ. ಮೇಲಿನ ಅಂಗುಳಿಗೆ ಅಡ್ಡವಾಗಿ, ಎರಡು ಬದಿಯ ಹಲ್ಲಿನ ನಡುವೆ ಬಿಗಿಯಾಗಿ, ಒಂದು ಎಲುಬು ಕುಳಿತಿತ್ತು. ಕುರಿಯ ಪಕ್ಕೆಲುಬಿನ ತುಂಡು. ಸುತ್ತಲೂ ಮಾಂಸ ಕೊಳೆತಿತ್ತು. ದುಆದ ದಿನ ಪಾತ್ರೆಯಲ್ಲಿ ಉಳಿದದ್ದನ್ನು ಸೌಟಿನಲ್ಲಿ ಅದಕ್ಕೆ ಸುರಿದವಳು ನಾನೇ.

ಶೇಷಪ್ಪ ತನ್ನ ಬೈಕಿನಿಂದ ಇಕ್ಕಳ ತಂದ. ಎಲುಬನ್ನು ಹಿಡಿದು ಒಂದು ಬದಿಗೆ ತಿರುಗಿಸಿ ಎಳೆದ. ಟಕ್ಕೆಂದು ಬಂತು. ನಾಯಿ ಒಮ್ಮೆ ಕಿರುಚಿತು. ರಕ್ತ, ಕೀವು ನನ್ನ ಕೈ ಮೇಲೆ ಸುರಿಯಿತು.

“ಇಷ್ಟೇ ಮಾರಾಯ್ರೆ!” ಎಂದ ಶೇಷಪ್ಪ. ಎಲುಬನ್ನು ಬೆಳಕಿಗೆ ಹಿಡಿದು ನೋಡಿದ. “ಇಷ್ಟಕ್ಕೆ ಊರೆಲ್ಲ ಅತ್ತದ್ದಾ?”

ಒಂದು ಬಂಗುಡೆ ಕೊಯ್ಯುವಷ್ಟು ಹೊತ್ತೂ ಹಿಡಿಯಲಿಲ್ಲ. ಇನ್ನೆರಡು ದಿನ ಬಿಟ್ಟಿದ್ದರೆ ಹೂಳಬೇಕಿತ್ತು. ಅವನು ಪೇಟೆಯಿಂದ ದನದ ಡಾಕ್ಟರನ್ನು ಕರೆದುಕೊಂಡು ಬರುತ್ತೇನೆಂದು ಹೋದ. ಹೋಗುವ ಮೊದಲು ತಲೆ ಕೆರೆದುಕೊಂಡು ಕೇಳಿದ, “ಸೈನಬಕ್ಕ, ನಿಮಗೆ ಹೇಗೆ ಗೊತ್ತಾಯ್ತು?”

ನಾನು ಎದ್ದು ಬಾವಿಯ ಕಡೆ ನಡೆದೆ.

ಬಾವಿಕಟ್ಟೆಯಲ್ಲಿ ಕೈ ತೊಳೆದೆ. ಸಬೀಹಾ ದೂರ ನಿಂತು ನೀರು ಹೊಯ್ದಳು. ಮೊದಲ ಸಲ ಮಣ್ಣು ಹಾಕಿ ಉಜ್ಜಿದೆ. ಎರಡು, ಮೂರು ಎಂದು ಅವಳೇ ಲೆಕ್ಕ ಹಾಕುತ್ತಿದ್ದಳು. ನಾಲ್ಕನೆಯದಕ್ಕೆ ನನ್ನ ಕೈ ನಿಂತಿತು. ಅವಳಿಗೆ ಹೇಳಿದೆ. ಇಫ್ತಾರಿನ ದಿನ ನಾನು ಹೇಳಿದ ಮಾತು ಹೇಳಿದೆ. ಸಿಟ್ಟು ಎಂದು ತಿಳಿದು ಬಟ್ಟಲು ಎತ್ತಿಕೊಂಡು ಹೋದದ್ದು, ಸಾರಿಗೆ ಖಾರ ಹಾಕಿದ್ದು ಎಲ್ಲ ಹೇಳಿದೆ. ನೋವು ಉಂಟಾ ಎಂದು ಒಮ್ಮೆಯೂ ಕೇಳಲಿಲ್ಲ ಎಂದೆ. ಅವಳು ಇವರ ತಂಗಿ. ಕೊಡಪಾನ ನನ್ನ ಮೇಲೆ ಎಸೆದು ಹೋಗುತ್ತಾಳೆ ಎಂದುಕೊಂಡಿದ್ದೆ.

ಅವಳು ಕೊಡಪಾನ ಕಟ್ಟೆಯ ಮೇಲೆ ಇಟ್ಟಳು.

“ನನ್ನ ಹತ್ತಿರ ಹೇಳಿದ್ರು.”

“ಎಂತ?”

“ಅನ್ನ ಇಳಿಯುವಾಗ ಗಂಟಲಲ್ಲಿ ತಡೀತದೆ, ಉರೀತದೆ ಅಂತ. ಬಕ್ರೀದಿಗೆ ಮೊದಲು. ಗ್ಯಾಸ್ ಇರ್ಬಹುದು ಅಣ್ಣ ಅಂತ ನಾನು ಜೀರಿಗೆ ನೀರು ಮಾಡಿ ಕೊಟ್ಟೆ. ಎರಡು ದಿನ ಬಂದು ಕುಡಿದ್ರು. ಮತ್ತೆ ಬರ್ಲಿಲ್ಲ. ಗುಣ ಆಯ್ತು ಅಂತ ನಾನೂ ಕೇಳ್ಲಿಲ್ಲ.”

“ನನಗೆ ಯಾಕೆ ಹೇಳ್ಲಿಲ್ಲ ನೀನು?”

“ನೀವು ಹೆಂಡತಿ. ನಿಮಗೆ ಗೊತ್ತಿರ್ತದೆ ಅಂತ.”

ನಾವು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳು ಕೊಡಪಾನ ಎತ್ತಿ ಮತ್ತೆ ನೀರು ಹೊಯ್ದಳು. ಲೆಕ್ಕ ಎಲ್ಲಿಗೆ ನಿಂತಿತ್ತೆಂದು ಇಬ್ಬರಿಗೂ ನೆನಪಿರಲಿಲ್ಲ. ಮೊದಲಿನಿಂದ ಶುರು ಮಾಡಿದೆವು.

ಡಾಕ್ಟರು ಬಂದು ಸೂಜಿ ಚುಚ್ಚಿ ಹೋದ ಮೇಲೆ ಗಂಜಿಯ ತಿಳಿಯನ್ನು ತಣಿಸಿ ಇಟ್ಟೆ. ಬೂತಾಯಿ ಮೂಸಿತು. ನಾಲಿಗೆ ಹಾಕಿತು. ಈ ಸಲ ತಲೆ ಎಳೆದುಕೊಳ್ಳಲಿಲ್ಲ. ನೆಕ್ಕಿತು, ನಿಂತಿತು, ಮತ್ತೆ ನೆಕ್ಕಿತು. ಚಿಪ್ಪು ಖಾಲಿ ಮಾಡಿ ಇನ್ನೂ ಬೇಕೆಂದು ನನ್ನನ್ನು ನೋಡಿತು. ಸಬೀಹಾ ಒಳಗೆ ಹೋಗಿ ಗಂಜಿಯ ಪಾತ್ರೆ ತಂದು ನನ್ನ ಕೈಗೆ ಕೊಟ್ಟಳು. ಅಂದು ನಾವು ಇಬ್ಬರೂ ಊಟ ಮಾಡಲಿಲ್ಲ.