ಉದ್ದಪ್ಪ ತನ್ನ ಪಟ್ಟಿ ತಾನೇ ಕೊಯ್ದುಕೊಂಡದ್ದು

ಹುಕ್ಕೇರಿಯ ಪೇಟೆಯಲ್ಲಿ ಹಡಪದ ಉದ್ದಪ್ಪ ಮನೆಯ ಕಟ್ಟೆಯ ಮೇಲೆಯೇ ಕ್ಷೌರ ಮಾಡುತ್ತಿದ್ದ. ಗಿರಾಕಿಗೆ ಒಂದು ಗೋಣಿಚೀಲ, ಇವನು ಎದುರಿಗೆ ಕುಕ್ಕರಗಾಲಿನಲ್ಲಿ. ಐವತ್ತೇಳನೆಯ ಇಸವಿಯಲ್ಲಿ ಅವನ ತಂಗಿಯ ಮಗ ಅಣ್ಣಪ್ಪ ಎದುರು ಸಾಲಿನಲ್ಲೇ ಸಲೂನು ತೆರೆದ. ತಿರುಗುವ ಕುರ್ಚಿ, ದೊಡ್ಡ ಕನ್ನಡಿ, ಕತ್ತಿ ಮಸೆಯಲು ಕೊಲ್ಹಾಪುರದ ಚರ್ಮದ ಪಟ್ಟಿ. ಅವನಿಗೆ ಕತ್ತಿ ಹಿಡಿಯಲು ಕಲಿಸಿದವನು ಉದ್ದಪ್ಪನೇ. ಅಂದಿನಿಂದ ಉದ್ದಪ್ಪನಿಗೆ ಗಿರಾಕಿಯ ಗಲ್ಲಕ್ಕಿಂತ ಎದುರಿನ ಬಾಗಿಲೇ ಹೆಚ್ಚು ಕಾಣತೊಡಗಿತು.

ಅತ್ತ ಹೋದ ಗಿರಾಕಿಗಳು ಹೋಗಲಿ, ಜೈನ ಸಾವಕಾರ ತಾತ್ಯಾಸಾಹೇಬರ ಮನೆ ಮಾತ್ರ ತನ್ನದೇ ಎಂದು ಅವನು ನಂಬಿದ್ದ. ಆ ಮನೆಯ ಮದುಮಗನಿಗೆ ಅರಿಸಿನ ಹಚ್ಚುವ ಮುನ್ನ ಕ್ಷೌರ ಮಾಡಿ ರುಮಾಲು ಸುತ್ತಿಸಿಕೊಳ್ಳುವುದು ಅವನ ಅಜ್ಜನ ಕಾಲದ ಹಕ್ಕು. ಈಗ ಮಗ ಭರತೇಶನ ಮದುವೆ ಹತ್ತಿರ ಬಂದಿತ್ತು.

ಒಂದು ಮುಂಜಾನೆ ಉದ್ದಪ್ಪ ಬಾಗಿಲಿಗೆ ಕಟ್ಟಿದ ಪಟ್ಟಿಯ ಮೇಲೆ ಕತ್ತಿ ಆಡಿಸುತ್ತಿದ್ದಾಗ ತಾತ್ಯಾಸಾಹೇಬರು ಅಣ್ಣಪ್ಪನ ಸಲೂನು ಹತ್ತಿದರು. ಪಟ್ಟಿಯ ತುದಿಯಲ್ಲಿ ಕತ್ತಿಯನ್ನು ಅದರ ಬೆನ್ನಿನ ಮೇಲೆ ಹೊರಳಿಸಬೇಕು. ಅವನ ಕೈ ಅಲಗಿನ ಮೇಲೆ ಹೊರಳಿಸಿತು. ಚರ್ಮ ಸೀಳಿ, ಹೆಬ್ಬೆರಳಗಲದ ಸಿಪ್ಪೆ ಎದ್ದು ನಿಂತಿತು.

"ಕಣ್ಣ ಅಲ್ಲಿ, ಕೈ ಇಲ್ಲಿ. ಯಾರದರ ಕಿವಿ ಕೊಯ್ಯಲಿಲ್ಲ, ಅದ ಪುಣ್ಯಾ," ಎಂದಳು ಹೆಂಡತಿ ಸಾತವ್ವ.

ಸಂಜೆ ಅಣ್ಣಪ್ಪ ತನ್ನ ಪಟ್ಟಿ ಸುತ್ತಿಕೊಂಡು ಬಂದ. "ಸಾವಕಾರ್ರು ಮದುವಿ ಊಟಕ್ಕ ಕರಿಯಾಕ ಬಂದಿದ್ರು, ಮಾವಾ. ನಿಮ್ಮ ಪಟ್ಟಿ ಹರದೈತಂತ. ಇದನ್ನ ಇಟಗೋರಿ, ನನ್ನ ಕಡೆ ಇನ್ನೊಂದೈತಿ."

"ನಿನ್ನ ಪಟ್ಟಿ ಮ್ಯಾಲ ಮಸದ್ರ ನನ್ನ ಕತ್ತಿ ನಿನ್ನ ಮಾತ ಕೇಳತೈತಿ. ಒಯ್ಯಿ."

ಹೊರಟವನ ಕೈಯಿಂದ ಸಾತವ್ವ ಅದನ್ನು ಮೆಲ್ಲಗೆ ಇಸಿದುಕೊಂಡು ಗಂಡನ ಸಾಮಾನಿನ ಚೀಲದ ತಳಕ್ಕೆ ಹಾಕಿದಳು.

ಉದ್ದಪ್ಪ ಹುಣಸೆಬೀಜದ ಅಂಟು ಕಾಯಿಸಿ, ಸಿಪ್ಪೆಯ ಅಡಿಗೆ ಹಚ್ಚಿ, ಮೇಲೆ ಗುಂಡುಕಲ್ಲು ಹೇರಿದ. ಎರಡು ದಿನ ಬಿಡಬೇಕಿತ್ತು. ಆದರೆ ಪಟ್ಟಿ ಹರಿದ ಸುದ್ದಿ ಮುಟ್ಟಿ ಮದುವೆ ಮನೆಯವರು ಕ್ಷೌರಕ್ಕೆ ಅಣ್ಣಪ್ಪನನ್ನು ಕರೆದುಬಿಟ್ಟಾರು ಎಂಬ ಸಂಕಟ. ಮರುದಿನವೇ ಕಲ್ಲು ತೆಗೆದು, ತಿಕ್ಕಿ ನುಣುಪು ಮಾಡಿ, ಔಡಲೆಣ್ಣೆ ಸವರಿ ಎಲ್ಲರಿಗೂ ಕಾಣುವಂತೆ ಬಾಗಿಲಿಗೆ ತೂಗುಹಾಕಿದ.

ಅರಿಸಿನದ ದಿನ ಸಾವಕಾರರ ಪಡಸಾಲೆಯ ಕಂಬಕ್ಕೆ ಅದನ್ನೇ ಕಟ್ಟಿ ಕತ್ತಿ ಎಳೆದ. ಗಟ್ಟಿ ಹಿಡಿಯದ ಅಂಟು ಬಿಟ್ಟು ಸಿಪ್ಪೆ ಮತ್ತೆ ಎದ್ದು ಅಲಗಿಗೆ ಸಿಕ್ಕಿತು, ಕತ್ತಿ ಮೊಂಡಾಯಿತು. ಹಾಗೆಯೇ ಗಲ್ಲಕ್ಕೆ ಹಚ್ಚಿದ. ಭರತೇಶ ಮುಖ ಕಿವುಚಿದ.

"ಕಾಕಾ, ಬೋಳಸಾಕತ್ತೀರೋ, ಕೀಳಾಕತ್ತೀರೋ?"

ಹೆಂಗಸರು ನಕ್ಕರು. ಮದುಮಗನ ಕ್ಷೌರವನ್ನು ಶುರು ಮಾಡಿದ ಕೈಯೇ ಮುಗಿಸಬೇಕು, ನಡುವೆ ಕೈ ಬದಲಾಗುವಂತಿಲ್ಲ. ಸಾಣೆಕಲ್ಲಿಗಾಗಿ ಚೀಲ ತಡಕಿದ ಉದ್ದಪ್ಪನಿಗೆ ಕಲ್ಲಿನ ಜೊತೆ ಕೊಲ್ಹಾಪುರದ ಪಟ್ಟಿಯೂ ಸಿಕ್ಕಿತು. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಕತ್ತಿಯನ್ನು ಕಲ್ಲಿಗೆ ಹಿಡಿದು, ಆ ಪಟ್ಟಿಯ ಮೇಲೆ ಎಳೆದ. ಉಳಿದ ಗಡ್ಡ ಸದ್ದಿಲ್ಲದೆ ಇಳಿಯಿತು.

"ಈಗ ಬಂತ ನೋಡ ಉದ್ದಪ್ಪನ ಕೈ," ಎಂದು ತಾತ್ಯಾಸಾಹೇಬರು ರುಮಾಲು ಸುತ್ತಿದರು. ಆ ಮಾತು ತನಗೆ ಬಂತೋ, ಅಳಿಯನ ಪಟ್ಟಿಗೆ ಬಂತೋ ಎಂಬ ಕಸಿವಿಸಿಯಲ್ಲಿ ಅವನಿಗೆ ಹೋಳಿಗೆಯೂ ರುಚಿಸಲಿಲ್ಲ.

ದಾರಿಯಲ್ಲಿ ಸಲೂನಿಗೆ ಹೋಗಿ ಪಟ್ಟಿ ಕೊಟ್ಟ.

"ಹೆಂಗಿತ್ರಿ, ಮಾವಾ?"

"ಇನ್ನೂ ಪಳಗಬೇಕು."

ಮನೆಯಲ್ಲಿ ಹಳೆಯ ಅಂಟು ಕೆರೆದು, ಹೊಸದು ಹಚ್ಚಿ, ಕಲ್ಲು ಹೇರಿದ. ಈ ಸಲ ಅವಸರ ಮಾಡಲಿಲ್ಲ. ಬಂದವರಿಗೆಲ್ಲ, "ಪಟ್ಟಿ ಒಣಗಾಕತ್ತೈತಿ, ನಾಡದ ಬರ್ರಿ," ಎಂದ. ಅವರು ಗಲ್ಲ ಸವರಿಕೊಳ್ಳುತ್ತ ರಸ್ತೆ ದಾಟಿ ಅಣ್ಣಪ್ಪನ ಸಲೂನು ಹತ್ತಿದರು.

"ಅಂವನ ಪಟ್ಟಿ ಇನ್ನೆರಡ ದಿನಾ ಇಟಗೊಂಡಿದ್ರ ಏನ ಆಕ್ಕಿತ್ತು?" ಎಂದಳು ಸಾತವ್ವ.

ಉದ್ದಪ್ಪ ಕಲ್ಲಿನ ಮೇಲೆ ಕೈ ಊರಿ, ಎದುರಿನ ಸಲೂನಿನೊಳಗೆ ಹೋದವರಲ್ಲಿ ಯಾರು ಹೊರಗೆ ಬಂದರೆಂದು ನೋಡುತ್ತ ಕೂತ.