ಸದ್ದು ಮೊದಲು ಕೇಳಿಸುವುದು ಸ್ವರೂಪಾಗೆ

ಅಮೆರಿಕದ ನಾರ್ತ್‌ವಿಲ್‌ನ ಹಳೆಯ ಬೀದಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಗಗನಾ ಅವರ ಮನೆಯ ಮಗುವಿನ ಕೋಣೆಯಲ್ಲಿ, ಹೀಟಿಂಗ್ ರಿಪೇರಿಗೆ ಬಂದ ಮಾಧವ ಮಂಡಿಯೂರಿ ಕೂತು, ಕಿಟಕಿಯ ಕೆಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಕಬ್ಬಿಣದ ರೇಡಿಯೇಟರಿಗೆ ಪುಟ್ಟ ಕೀಲಿ ಹಾಕಿ ತಿರುಗಿಸುತ್ತಿದ್ದಾರೆ. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಉಸ್ಸೆಂದು ಹೊರಬರುತ್ತದೆ. ಹಿಂದೆಯೇ ಕಪ್ಪು ನೀರು ಬಟ್ಟಲಿಗೆ ಚಿಮ್ಮುತ್ತದೆ.

“ಗಾಳಿನೇ. ಇನ್ಮೇಲೆ ಸದ್ದು ಬರಲ್ಲಮ್ಮ,” ಎನ್ನುತ್ತಾರೆ ಮಾಧವ.

ದಿನಾ ಬೆಳಗಿನ ಜಾವ ಹೀಟಿಂಗ್ ಶುರುವಾದ ಕೂಡಲೇ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಟಕ್ ಟಕ್ ಸದ್ದು. ಐದು ತಿಂಗಳ ಮಗು ಬೆಚ್ಚಿ ಏಳುತ್ತದೆ. ಗಗನಾ ನೆಟ್ಟಗೆ ನಿದ್ದೆ ಮಾಡಿ ಎಷ್ಟೋ ದಿನವಾಗಿದೆ. ಮಾಧವರ ಮಾತಿಗೆ ಅವರು ತಲೆಯಾಡಿಸುತ್ತಾರೆ, ಆದರೆ ಅವರ ಕಣ್ಣು ಬಾಗಿಲ ಬಳಿ ನೆಲಕ್ಕೆ ಅಂಗೈ ಒತ್ತಿ ಕೂತಿರುವ ಮಾಧವರ ಹೆಂಡತಿ ಸ್ವರೂಪಾ ಮೇಲಿದೆ.

“ಆಂಟಿ, ನೀವೇನಂತೀರಿ?”

ಮಾಧವರ ಮುಖ ಸಣ್ಣದಾಗುವುದು ಈ ಪ್ರಶ್ನೆಗೇ.

ಐವತ್ತೊಂದರ ಮಾಧವ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಅಮೆರಿಕದಲ್ಲಿ ನೆಲೆಸಿದ್ದ ಸ್ವರೂಪಾರ ಅಕ್ಕ ವಲಸೆಗೆ ಅರ್ಜಿ ಹಾಕಿ ಕರೆಸಿಕೊಂಡ ಮೇಲೆ ಇಬ್ಬರೂ ಮಿಷಿಗನ್ನಿಗೆ ಬಂದರು. ಸುತ್ತಲಿನ ಕನ್ನಡದವರೆಲ್ಲ ಕಂಪ್ಯೂಟರ್ ಮುಂದೆ ಕೂತರೆ, ಇವರು ಸಂಜೆ ಕಾಲೇಜಿನಲ್ಲಿ ಹೀಟಿಂಗ್ ಕೆಲಸ ಕಲಿತು, ಒಮ್ಮೆ ಫೇಲಾಗಿ, ಮತ್ತೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದರು. ಚಳಿಗಾಲದಲ್ಲಿ ದಿನಕ್ಕೆ ನಾಲ್ಕೈದು ಮನೆ. ನೆಲಮಾಳಿಗೆಗಳಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ಬಿಸಿ ಪೈಪು ತಗುಲಿದ ಕಲೆಗಳು ಎರಡೂ ಮುಂಗೈ ಮೇಲಿವೆ.

ಸ್ವರೂಪಾ ಕೆಲಸಕ್ಕಿದ್ದ ಮಕ್ಕಳ ಡೇಕೇರ್ ಎರಡು ವರ್ಷದ ಹಿಂದೆ ಮುಚ್ಚಿತು. ಮನೆಯಲ್ಲಿ ಕೂತೇನು ಮಾಡಲಿ ಎಂದು ಟಾರ್ಚ್ ಹಿಡಿಯಲು ಗಂಡನ ವ್ಯಾನ್ ಹತ್ತಿದರು. ಮೈಸೂರಿನ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರಗಳ ಸಾಲಿನಲ್ಲಿ ಪಳಗಿದ ಕಿವಿ ಅವರದು. ಯಾವ ಯಂತ್ರ ಕೆಡಲಿದೆ ಎಂದು ಸದ್ದಿನಲ್ಲೇ ಗುರುತಿಸುತ್ತಿದ್ದರು. ಈಗ ಪೈಪುಗಳದ್ದೂ ಹೇಳುತ್ತಾರೆ. ಫೋನ್ ಮಾಡುವವರು “ಆಂಟಿನೂ ಬರ್ತಾರೆ ತಾನೇ?” ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ.

“ಹೊಟ್ಟೆ ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ?” ಎನ್ನುತ್ತಾರೆ ಮಾಧವ, ಆಮೇಲೆ ಒಬ್ಬರೇ ಮಾತಿಗೆ ಸಿಕ್ಕಾಗ. “ಕೆಲಸ ಕಲಿತೋನು ನಾನು, ಲೈಸೆನ್ಸ್ ನಂದು, ಸೊಂಟ ನೋವು ನಂದು. ಹೊಗಳಿಕೆ ಮಾತ್ರ ಅವಳಿಗೆ. ಕಾಫಿ ಕೂಡ ಮೊದ್ಲು ಅವಳಿಗೇ ಕೊಡ್ತಾರೆ.”

ಸೋಮವಾರ ಪಕ್ಕದ ಊರು ಲಿವೋನಿಯಾದ ದೊಡ್ಡ ಹೀಟಿಂಗ್ ಕಂಪನಿಯೊಂದರ ಮಾಲೀಕರು ಸ್ವರೂಪಾರ ಹೆಸರು ಕೇಳಿ ಮಾಧವರಿಗೇ ಫೋನ್ ಮಾಡಿದ್ದರು. ನಿಮ್ಮ ಹೆಂಡತಿಯನ್ನು ನಮ್ಮಲ್ಲಿ ಕೆಲಸಕ್ಕೆ ಕಳಿಸಿ, ಲೈಸೆನ್ಸಿಗೆ ಬೇಕಾದ್ದೆಲ್ಲ ನಾವೇ ಕಲಿಸುತ್ತೇವೆ ಎಂದರು. ಕೇಳಿ ಹೇಳುತ್ತೇನೆ ಎಂದು ಫೋನಿಟ್ಟ ಮಾಧವ, ಆ ವಿಷಯವನ್ನು ಮನೆಯಲ್ಲಿ ಎತ್ತಲೇ ಇಲ್ಲ. ಇವತ್ತು ಗುರುವಾರ.

ಸ್ವರೂಪಾ ಗಂಡನ ಮುಖ ಒಮ್ಮೆ ನೋಡಿ ಗಗನಾಗೆ ಉತ್ತರ ಕೊಡುತ್ತಾರೆ. “ಗಾಳಿ ಇದ್ರೆ ಗೊಳಗೊಳ ಅನ್ನುತ್ತಮ್ಮ. ಇದು ಪೈಪ್ ಬಿಸಿ ಏರೋವಾಗ ಮಾತ್ರ ಬಡಿಯುತ್ತೆ, ಆಮೇಲೆ ಸುಮ್ನಾಗುತ್ತೆ ಅಂತೀಯ. ನೆಲದೊಳಗೆ ಎಲ್ಲೋ ಮರಕ್ಕೆ ಉಜ್ಜುತಾ ಇದೆ.”

“ನೋಡೋಣ,” ಎಂದು ಮಾಧವ, ನಂದಿಸಿಟ್ಟಿದ್ದ ಬಾಯ್ಲರ್ ಹಚ್ಚಲು ನೆಲಮಾಳಿಗೆಗೆ ಇಳಿಯುತ್ತಾರೆ. ಈ ಸಲವಾದರೂ ಅವಳ ಮಾತು ತಪ್ಪಾಗಲಿ ಎಂದು ಮನಸ್ಸು ಹಾರೈಸುತ್ತದೆ. ಸ್ವಲ್ಪ ಹೊತ್ತಿಗೆ ಟಕ್, ಟಕ್. ಪಕ್ಕದ ಕೋಣೆಯಲ್ಲಿ ಮಲಗಿಸಿದ್ದ ಮಗು ಕಿಟಾರನೆ ಕಿರುಚುತ್ತದೆ.

ಆ ಅಳು ಕೇಳಿ ಮಾಧವರಿಗೆ ತಮ್ಮ ಹಾರೈಕೆಯ ಮೇಲೆಯೇ ನಾಚಿಕೆಯಾಗುತ್ತದೆ. ಟಾರ್ಚ್ ಬೆಳಕು ಬಿಟ್ಟು ನೋಡಿದರೆ, ನೆಲಮಾಳಿಗೆಯ ಚಾವಣಿಯಲ್ಲಿ ಪೈಪು ಮೇಲಕ್ಕೆ ಹಾಯುವ ಕಡೆ ಮರದ ತೂತು ಬಿಗಿಯಾಗಿದೆ. ಉಜ್ಜಿ ಉಜ್ಜಿ ಅಂಚು ಮಿರುಗುತ್ತಿದೆ. ತೂತು ಅಗಲಿಸಿ, ಪೈಪಿನ ಸುತ್ತ ಪ್ಲಾಸ್ಟಿಕ್ ಕವಚ ತೊಡಿಸುವಷ್ಟರಲ್ಲಿ ಬೆಳಕಾಗಿದೆ. ಪೈಪು ತಣಿಯಲು ಬಿಟ್ಟು ಮತ್ತೆ ಬಾಯ್ಲರ್ ಹಚ್ಚುತ್ತಾರೆ. ಸದ್ದಿಲ್ಲ. ಮೇಲೆ ಗಗನಾ ಸ್ವರೂಪಾಗೆ ಮೂರು ಮೂರು ಸಲ ಥ್ಯಾಂಕ್ಸ್ ಹೇಳುತ್ತಿರುವುದು ಕೆಳಗಿದ್ದ ಮಾಧವರಿಗೆ ಚೆನ್ನಾಗಿ ಕೇಳಿಸುತ್ತದೆ.

ವ್ಯಾನಿನಲ್ಲಿ ಕೂತ ಮೇಲೆ ಮಾಧವ ಎದುರಿನ ಗಾಜು ನೋಡುತ್ತಲೇ ಹೇಳುತ್ತಾರೆ. “ಲಿವೋನಿಯಾ ಕಂಪನಿಯಿಂದ ಫೋನ್ ಬಂದಿತ್ತು. ನಿನ್ನನ್ನ ಕೆಲಸಕ್ಕೆ ಕರೀತಿದಾರೆ.”

“ಯಾವಾಗ ಬಂದಿತ್ತು?”

“ಸೋಮವಾರ.”

ಸ್ವರೂಪಾ ಗ್ಲೌಸ್ ಬಿಚ್ಚಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ. “ಲೈಸೆನ್ಸಿಗೆ ಕಲಿಸ್ತಾರಂತಾ?”

“ಹೂಂ.”

“ಹಾಗಾದ್ರೆ ಹೋಗ್ತೀನಿ. ಇಷ್ಟು ದಿನ ಬಾಯಿ ಮುಚ್ಕೊಂಡಿದ್ರಲ್ಲ, ಅದನ್ನ ಮನೇಲಿ ವಿಚಾರಿಸ್ಕೋತೀನಿ.”

“ಅವಳು ಒಂದು ನಿಮಿಷ ಯೋಚನೆನೂ ಮಾಡ್ಲಿಲ್ಲ ನೋಡಿ,” ಎಂದು ಮಾಧವ ಈಗಲೂ ಕೊರಗುತ್ತಾರೆ. ಹಾಗೆಂದು ಅದೇ ಸಂಜೆ ಹೆಂಡತಿಯನ್ನು ಅಂಗಡಿಗೆ ಕರೆದೊಯ್ದು, ತಾವು ಹಾಕಿಕೊಳ್ಳುವುದಕ್ಕಿಂತ ಒಳ್ಳೆಯ ಬೂಟು ಕೊಡಿಸಿದವರೂ ಅವರೇ. ಮುಂದಿನ ವಾರದಿಂದ ಈ ವ್ಯಾನಿನಲ್ಲಿ ಅವರೊಬ್ಬರೇ.

ನಿಮ್ಮ ಆಸೆ ಏನು ಎಂದು ಕೇಳಿದರೆ ಮಾಧವ ತಡವರಿಸುವುದಿಲ್ಲ.

“ಆ ಕಂಪನಿಯವರಿಗೆ ಯಾವ್ದಾದ್ರೂ ಒಂದು ಮನೆ ಸದ್ದು ಬಗೆಹರೀಬಾರದು. ಇವಳ ಕಿವಿಗೂ ಸಿಗಬಾರದು. ಆಗ ಇವಳೇ ಅವರಿಗೆ ಹೇಳ್ಬೇಕು, ನಮ್ಮನೆಯವರನ್ನ ಕರೀರಿ ಅಂತ.”