ಅಂಗಳದಾಚೆಯಿಂದ ಎರೆದವಳು

ನಕ್ಕರೆ ಅವಳ ಗದ್ದದ ಮೇಲಿನ ಹಸಿರು ಹಚ್ಚೆಯ ಚುಕ್ಕೆ ಅಗಲವಾಗುತ್ತಿತ್ತು. ನನ್ನ ಕೂಸು ಮೊದಲು ದಿಟ್ಟಿಸಿ ನೋಡಿದ್ದು ಆ ಚುಕ್ಕೆಯನ್ನೇ. ಮೆಣಸಗಿಯಲ್ಲಿ ನಮ್ಮ ಮಗ್ಗುಲ ಮನೆಯ ಆಕೆಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಓಣಿಯ ಕೂಸುಗಳಿಗೆಲ್ಲ ಬಿಸಿನೀರು ಎರೆಯುವವಳು ಅವಳೇ. ಅವ್ವ ಇಲ್ಲದ ನನಗೆ ಬಾಣಂತನ ಮಾಡಿದವಳೂ ಅವಳೇ. ಎರೆಯುತ್ತ ಕೂಸಿಗೆ ಹೊಲದ ಸುದ್ದಿ, ಎಮ್ಮೆಯ ಸಿಟ್ಟು ಎಲ್ಲ ಹೇಳುತ್ತಿದ್ದಳು. ಹಬೆಯ ನಡುವೆ ಆ ಮಾತು ಕೇಳುತ್ತ ನಾನು ಕೂತಲ್ಲೇ ತೂಕಡಿಸುತ್ತಿದ್ದೆ.

ಆ ಮಳೆಗಾಲ ಮಲಪ್ರಭೆ ಊರೊಳಗೆ ಬಂತು. ದಿನ್ನೆಯ ಮೇಲಿನ ಸಾಲೆಯಲ್ಲಿ ಎಲ್ಲರೂ ಸೇರಿದೆವು. ಕಿಟಕಿಯಿಂದ ನೋಡಿದರೆ ಹೊಲಗಳಿದ್ದಲ್ಲಿ ಬರೀ ಕಂದು ಬೆಳಕು, ಅದರೊಳಗೆ ಜಾಲಿಗಿಡಗಳ ತುದಿಗಳು. ಆಯಿ ಹಗಲೆಲ್ಲ ಅಷ್ಟು ಮಂದಿಗೆ ರೊಟ್ಟಿ ಬಡಿಯುತ್ತಿದ್ದಳು.

ಒಂದು ಮುಂಜಾನೆ ಸಾಲೆಯ ಕಟ್ಟೆಯ ಮೇಲೆ ಮುದುಕರೊಬ್ಬರು ವಾಂತಿ ಮಾಡಿಕೊಂಡರು. ಆಯಿಯೇ ಒರೆಸಿದಳು. ಮರುದಿನ ರೊಟ್ಟಿ ಬಡಿಯುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು.

“ನನಗೂ ಹೊಟ್ಟಿ ತೊಳಸಾಕತ್ತೈತಿ. ಈ ರೊಟ್ಟಿ ಯಾರೂ ತಿನಬ್ಯಾಡ್ರಿ.”

“ಮಂದಿ ಹಸದ ಕುಂತಾರ ಆಯಿ, ಬುಟ್ಟಿ ತುಂಬ ರೊಟ್ಟಿ ಚೆಲ್ಲೂದಾ?” ಒಲೆಯ ಮುಂದಿದ್ದ ಹೆಂಗಸು ಕೇಳಿದಳು.

“ಒಂದ್ ಹೊತ್ತಿನ ಹಸಿವಿ ತಡೀಬಹುದು ತಂಗಿ. ಕೂಸು-ಕುನ್ನಿಗೆ ಇದು ಹತ್ತಿದ್ರ ಹ್ಯಾಂಗ?”

ಅಲ್ಲಿಗೆ ಬಂದ ನರ್ಸಮ್ಮನೂ ಅವಳ ಮಾತನ್ನೇ ಹಿಡಿದರು. ವಾಂತಿ-ಭೇದಿ ತರುವ ಈ ವೈರಸ್ ಕೈಗೆ ತುಸು ಅಂಟಿದರೂ ಊಟದ ಜೊತೆ ಎಲ್ಲರ ಹೊಟ್ಟೆ ಸೇರುತ್ತದೆ, ಸ್ಯಾನಿಟೈಸರ್ ಸಾಲದು, ಸಾಬೂನು ಹಚ್ಚಿ ತಿಕ್ಕಿ ತೊಳೆಯಬೇಕು ಎಂದರು. ವಾಂತಿ ಬಿದ್ದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ನೀರು ಹಾಕಿಸಿದರು. ವಾಂತಿ-ಭೇದಿ ನಿಂತ ಮೇಲೂ ಎರಡು ದಿನ ಒಲೆಯ ಹತ್ತಿರ ಹೋಗಬಾರದು ಎಂದರು. ಕಾಯಿಲೆಯವರಿಗೆ ಒಂದು ಖೋಲಿ ಬೇರೆಯಾಯಿತು. ಓಆರ್‌ಎಸ್ ನೀರು ಗುಟುಕರಿಸುತ್ತ ಆಯಿ ಅಲ್ಲಿ ಮಲಗಿದಳು. ನಾನು ಕೂಸನ್ನೆತ್ತಿಕೊಂಡು ಅತ್ತ ಹೋದರೆ, “ಬರಬ್ಯಾಡ, ಅಲ್ಲೇ ನಿಂದ್ರು!” ಎಂದು ಕೂಗಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಅವಳು ಎದ್ದು ಕೂರುವ ಹೊತ್ತಿಗೆ ಮಳೆ ನಿಂತಿತ್ತು. ಎರೆಯದೆ ಕೂಸಿಗೆ ನಿದ್ದೆಯಿಲ್ಲ, ಅಳು ನಿಲ್ಲದು. ನಾನು ಒಮ್ಮೆಯೂ ಎರೆದವಳಲ್ಲ. ಸಂಜೆ ಆಯಿ ಖೋಲಿಯ ಹೊಸ್ತಿಲಲ್ಲಿ ಕೂತಳು. ಅಂಗಳದಾಚೆ ಬೇವಿನ ಮರದ ಕೆಳಗೆ ನಾನು.

“ಕಾಲ ಚಾಚು. ಕೂಸಿನ್ನ ಬೋರಲ ಹಾಕ್ಕೋ. ನೀರ ಮೊದ್ಲ ನಿನ್ನ ಕಾಲ ಮ್ಯಾಲ ಸುರಕೊಂಡ ನೋಡು. ಭಾಳ ಸುಡ್ತೈತೇನು?”

“ಇಲ್ಲ ಆಯಿ.”

“ಹಂಗಾರ ಹಾಕು. ಹೆದರಬ್ಯಾಡ, ನಾ ಇದ್ದೀನಿ.”

ಆ ಧ್ವನಿ ಅಂಗಳ ದಾಟಿ ಬಂದು ನನ್ನ ಕೈಗಳನ್ನು ನಡೆಸಿತು. ಹಬೆ, ಒದ್ದೆ ಬೇವಿನ ವಾಸನೆ, ಕೆಳಗೆಲ್ಲೋ ಹೊಳೆಯ ಮೊರೆತ. ಅದು ನಡೆದದ್ದೋ ನಾನು ಕಂಡ ಕನಸೋ ಎಂದು ಇಂದಿಗೂ ಒಮ್ಮೊಮ್ಮೆ ಅನಿಸುತ್ತದೆ. ಕೂಸು ನನ್ನ ಕಾಲ ಮೇಲೆಯೇ ನಿದ್ದೆ ಹೋಯಿತು.

ಆಮೇಲೂ ಕೆಲವರು ಕಾಯಿಲೆ ಬಿದ್ದರು, ಎಲ್ಲರೂ ಗುಣವಾದರು. ನನ್ನ ಮಗಳ ಹತ್ತಿರ ಅದು ಸುಳಿಯಲಿಲ್ಲ.

ಹೋದ ಬೇಸಿಗೆಯಲ್ಲಿ ಊಟ ಮಾಡಿ ಅಡ್ಡಾದ ಆಯಿ ಮತ್ತೆ ಏಳಲಿಲ್ಲ. ಈಗ ಓಣಿಯಲ್ಲಿ ಕೂಸು ಹುಟ್ಟಿದರೆ ನನ್ನನ್ನು ಕರೆಯುತ್ತಾರೆ. ಮೊನ್ನೆ ಅವಳ ಮೊಮ್ಮಗಳು ಹೆತ್ತಳು. ಆ ಕೂಸಿಗೆ ಮೊದಲ ನೀರು ಎರೆದವಳು ನಾನು.